ಬಲೆನೂಲಿನ ಗಂಟು

ಗ್ಯಾರೇಜಿಗೆ ಬಂದ ಕೂಡಲೇ ಹುಷಾರಾಗುವ ಕಾರುಗಳನ್ನು ಕಂಡರೆ ನನಗಾಗುವುದಿಲ್ಲ. ಬೆಳಗ್ಗೆ ಮನೆಯಂಗಳದಲ್ಲಿ ಕೆಮ್ಮಿ, ನರಳಿ, ಅಕ್ಕಪಕ್ಕದವರನ್ನೆಲ್ಲ ನೂಕಲು ಹಚ್ಚಿ, ಹತ್ತು ಗಂಟೆಗೆ ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾದ ಹಾಗೆ. "ಈಗ ಸರಿ ಉಂಟಲ್ಲ ರೂಪೇಶಣ್ಣ" ಎಂದು ಯಜಮಾನರು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ ನಾನು, ಇದನ್ನು ಬೆಳ್ಮಣ್ಣಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಅಂಥ ಕಾರುಗಳಲ್ಲೆಲ್ಲ ಹೆಚ್ಚು ಕಾಡಿದ್ದು ಕುಶಲಕ್ಕನದು. ಇಪ್ಪತ್ತೈದು ವರ್ಷ ಹಳೆಯದು, ಕೆನೆ ಬಣ್ಣದ್ದು, ಚೋಕ್ ಎಳೆದು ಸ್ಟಾರ್ಟ್ ಮಾಡುವ ಕಾಲದ್ದು. ಬೇಸಿಗೆಯಲ್ಲಿ ಅದರಷ್ಟು ಒಳ್ಳೆಯ ಕಾರಿಲ್ಲ. ಮಳೆಗಾಲ ಹಿಡಿಯಿತೋ, ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಬರೀ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ.

ಕುಶಲಕ್ಕನಿಗೆ ಈಗ ಅರವತ್ತೊಂದು. ಪೇಟೆಯಿಂದ ಒಂದು ಕಿಲೋಮೀಟರ್ ಒಳಗೆ ಮನೆ. ಮೂವತ್ತು ವರ್ಷ ಬೀಡಿ ಕಟ್ಟಿದವರು, ಸಾಲು ಮಾತಾಡಬೇಕಾದಲ್ಲಿ ಒಂದು ಪದ ಆಡುವವರು. ಗಂಡ ಮುದ್ದಣ್ಣ ಕಾಪುವಿನವರು. ಹರೆಯದಲ್ಲಿ ಅಲ್ಲಿನ ದೋಣಿಗಳಲ್ಲಿ ದುಡಿದು, ಮದುವೆಯಾದ ವರ್ಷವೇ ಮಸ್ಕತ್ತಿಗೆ ಹೋದರು. ಅಲ್ಲಿ ಒಂದು ಕಂಪೆನಿಯ ಲಾರಿಗಳ ಶೆಡ್ಡಿನಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳ ರಜೆ. ಅಲ್ಲಿ ಬಿಸಿಲು ವಿಪರೀತವಾದಾಗ ಕಂಪೆನಿಯವರು ರಜೆ ಕೊಡುತ್ತಿದ್ದರು, ಅಂದರೆ ಇಲ್ಲಿ ಜೂನು, ಜುಲೈ.

"ನಮ್ಮ ಸಂಸಾರ ಎಲ್ಲ ಮಳೆಗಾಲದ್ದೇ. ಅವರು ನಮ್ಮ ಊರಿನ ಮಾವಿನಹಣ್ಣು ತಿಂದದ್ದು ನಾನು ನೋಡಲೇ ಇಲ್ಲ" ಎಂದು ಒಮ್ಮೆ ಕುಶಲಕ್ಕ ಹೇಳಿದ್ದರು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಅವರಿಬ್ಬರು ಒಂದೇ ಸೂರಿನಡಿ ಇದ್ದ ದಿನಗಳನ್ನು ಕೂಡಿಸಿದರೆ ಎರಡು ವರ್ಷ ತುಂಬುವುದಿಲ್ಲ.

ಆ ಎರಡು ವರ್ಷದಲ್ಲಿ ಬಹುಪಾಲು ಕಳೆದದ್ದು ಈ ಕಾರಿನಲ್ಲಿ. ರಜೆಯಲ್ಲಿ ಬಂದ ಮುದ್ದಣ್ಣ ಮನೆಯೊಳಗೆ ಕೂತವರಲ್ಲ. ಸುರಿಯುವ ಮಳೆಯಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದಿನ ಸೀಟಿನಲ್ಲಿ ಮಗಳು ಪ್ರಣೀತಾಳನ್ನು ಹಾಕಿಕೊಂಡು, ಕಾರ್ಕಳಕ್ಕೆ, ಉಡುಪಿಗೆ, ಕಾಪುವಿನ ಲೈಟ್‌ಹೌಸಿನ ಹತ್ತಿರದ ಅಕ್ಕನ ಮನೆಗೆ. ಗಾಜೆಲ್ಲ ಮಂಜು ಕಟ್ಟಿ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲವಂತೆ, ಕುಶಲಕ್ಕ ಸೆರಗಿನಿಂದ ಒರೆಸುತ್ತಾ ಕೂರುವುದಂತೆ. ಅದನ್ನು ಹೇಳುವಾಗ ಅವರ ಮುಖ ಇಪ್ಪತ್ತು ವರ್ಷ ಚಿಕ್ಕದಾಗುತ್ತದೆ.

ನಾಲ್ಕು ವರ್ಷದ ಹಿಂದೆ ಮುದ್ದಣ್ಣ ಮಸ್ಕತ್ತಿನಲ್ಲೇ ಎದೆನೋವು ಬಂದು ತೀರಿಕೊಂಡರು. ಪೆಟ್ಟಿಗೆಯಲ್ಲಿ ಊರಿಗೆ ಬಂದರು. ಅದಾಗಿ ಎಂಟು ತಿಂಗಳಿಗೆ ಕುಶಲಕ್ಕ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ ಡ್ರೈವಿಂಗ್ ಕಲಿತರು. ಐವತ್ತೇಳನೆಯ ವಯಸ್ಸಿನಲ್ಲಿ ಈ ಹೆಂಗಸಿಗೆ ಎಂತ ಹುಚ್ಚು ಎಂದು ಊರು ಮಾತಾಡಿತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಅವರು ಲೈಸೆನ್ಸ್ ತೆಗೆದು, ವಾರಕ್ಕೊಮ್ಮೆ ಮಣಿಪಾಲದಲ್ಲಿರುವ ಮಗಳ ಮನೆಗೆ ತಾವೇ ಕಾರು ಓಡಿಸಿಕೊಂಡು ಹೋಗತೊಡಗಿದರು. ಮೂವತ್ತೈದರ ಮೇಲೆ ವೇಗವಿಲ್ಲ. ಹಿಂದೆ ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಸಾಯುತ್ತಾರೆ, ಇವರಿಗೆ ಲೆಕ್ಕವೇ ಇಲ್ಲ.

ಅಂದಿನಿಂದ ಕಾರು ನನ್ನ ಕೈಗೆ ಬಂತು. ಮೊದಲ ಸಲ ಬಾನೆಟ್ ಎತ್ತಿದಾಗಲೇ ನಾನೊಂದು ವಸ್ತು ನೋಡಿದ್ದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಯಾರೋ ಪ್ಲಾಸ್ಟಿಕ್ ಸುತ್ತಿ, ಮೇಲೆ ನೂಲು ಸುತ್ತಿ ಸುತ್ತಿ ಗಂಟು ಹಾಕಿದ್ದರು. ನೂಲು ಗ್ರೀಸು ಹಿಡಿದು ಕಪ್ಪಾಗಿತ್ತು. ನಾನು ಕೈ ಹಾಕಲು ಹೋದರೆ ಕುಶಲಕ್ಕ, "ಅದನ್ನೊಂದು ಮುಟ್ಟಬೇಡ ಮಾರಾಯ" ಎಂದರು.

ನಾನು ಮುಟ್ಟಲಿಲ್ಲ. ಏಕೆ ಎಂದು ಕೇಳಲೂ ಇಲ್ಲ. ನಮ್ಮ ಕಡೆ ಗಾಡಿಗೆ ಕಟ್ಟಿದ ನೂಲು ಎಂದರೆ ದೈವದ್ದೋ ದೇವಸ್ಥಾನದ್ದೋ ಇರುತ್ತದೆ. ಏನೋ ಹರಕೆ, ಏನೋ ಭಯ, ನಮಗೇಕೆ? ಸ್ಟಿಯರಿಂಗಿಗೆ ಕಟ್ಟಿದ್ದು, ನಂಬರ್ ಪ್ಲೇಟಿನ ಹಿಂದೆ ಕಟ್ಟಿದ್ದು, ಎಂಜಿನ್ನಿನೊಳಗೆ ಕಟ್ಟಿದ್ದು, ಎಲ್ಲವನ್ನೂ ಬಳಸಿಕೊಂಡು ಹೋಗಿ ಕೆಲಸ ಮಾಡುವುದು ಇಲ್ಲಿನ ಮೆಕ್ಯಾನಿಕ್ಕುಗಳ ಪದ್ಧತಿ. ನನಗೆ ಕಲಿಸಿದವರೂ ಹಾಗೆಯೇ ಕಲಿಸಿದ್ದು. ಯಾವ ದೈವ ಎಂದು ಕೇಳುವುದು ಕೂಡ ಮರ್ಯಾದೆಯಲ್ಲ.

ಹಾಗಾಗಿ ಮೂರು ಮಳೆಗಾಲ ನಾನು ಆ ಗಂಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಿಸಿದೆ. ಬ್ಯಾಟರಿ ಬದಲಿಸಿದೆ. ಪ್ಲಗ್ಗು ಬದಲಿಸಿದೆ. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಕಾಯಿಲ್, ಪೆಟ್ರೋಲ್ ಪಂಪು, ಎಲ್ಲ ಆಯಿತು. ಪ್ರತಿ ಸಲವೂ ಕಾರು ನನ್ನ ಶೆಡ್ಡಿನಲ್ಲಿ ಚಂದವಾಗಿ ಸ್ಟಾರ್ಟಾಗುತ್ತಿತ್ತು, ಎರಡು ದಿನ ಬಿಟ್ಟು ಕುಶಲಕ್ಕನ ಅಂಗಳದಲ್ಲಿ ಸತ್ತು ಮಲಗುತ್ತಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನೇ.

ಈ ಜುಲೈಯಲ್ಲಿ ವಿಷಯ ಕುತ್ತಿಗೆಗೆ ಬಂತು. ಹಳೇ ಗಾಡಿಯ ನೋಂದಣಿ ನವೀಕರಣಕ್ಕೆ ಮಣಿಪಾಲದ ಆರ್‌ಟಿಓ ಕಚೇರಿಯಲ್ಲಿ ಕಾರು ತೋರಿಸಬೇಕು. ಸೋಮವಾರ ಬೆಳಗ್ಗೆ ಹತ್ತಕ್ಕೆ ಸಮಯ ಸಿಕ್ಕಿತ್ತು. ಪ್ರಣೀತಾ ಭಾನುವಾರ ಬಂದವಳು ನನ್ನೆದುರೇ ತಾಯಿಗೆ ಹೇಳಿದಳು: "ಅಮ್ಮ, ಅದು ತಾನಾಗಿ ಸ್ಟಾರ್ಟಾಗಿ ಅಲ್ಲಿಗೆ ಬಂದರೆ ಇನ್ನು ಐದು ವರ್ಷ ಇಟ್ಟುಕೊಳ್ಳಿ, ನಾನು ಬಾಯಿ ಬಿಡುವುದಿಲ್ಲ. ಎಳೆದುಕೊಂಡು ಬರುವ ಹಾಗಾದರೆ ಗುಜರಿಗೆ. ಈ ಮಳೆಯಲ್ಲಿ ಎಲ್ಲೋ ದಾರಿಯಲ್ಲಿ ನೀವು ಒಬ್ಬರೇ ನಿಂತರೆ ಎಂತ ಮಾಡುವುದು?"

ಮಗಳದು ತಪ್ಪಲ್ಲ. ಹಿಂದಿನ ವಾರ ಕಾರು ಕೈಕೊಟ್ಟು ತಾಯಿ ಶಿರ್ವದ ಹತ್ತಿರ ರಸ್ತೆಬದಿಯಲ್ಲಿ ಎರಡು ಗಂಟೆ ನಿಂತಿದ್ದರು.

ಕುಶಲಕ್ಕ "ಆಯ್ತು" ಎಂದರು. ಮಾತು ಕೊಟ್ಟರೆ ಮುಗಿಯಿತು, ಹಿಂದೆ ತೆಗೆಯುವ ಜನವಲ್ಲ. ಮಗಳು ಬಸ್ಸು ಹತ್ತಿದ ಮೇಲೆ ನನ್ನ ಹತ್ತಿರ, "ರೂಪೇಶ, ಗುಜರಿಯವರು ಕಾರನ್ನು ಎಂತ ಮಾಡುತ್ತಾರೆ?" ಎಂದು ಕೇಳಿದರು.

"ಜಜ್ಜುತ್ತಾರೆ ಅಕ್ಕ" ಎಂದೆ. ಸುಳ್ಳು ಹೇಳಬಹುದಿತ್ತು. ನನ್ನ ನಾಲಗೆಯೇ ಹಾಗೆ.

ಅವತ್ತು ತೀರ್ಮಾನಿಸಿದೆ, ಇನ್ನು ಕಾರು ನನ್ನ ಹತ್ತಿರ ಬರುವುದು ಬೇಡ, ಅದು ಹಟ ಮಾಡುವ ಹೊತ್ತಿಗೆ ನಾನೇ ಅಲ್ಲಿರುತ್ತೇನೆ. ಸೋಮವಾರ ಬೆಳಗ್ಗೆ ಐದೂವರೆಗೆ ಕುಶಲಕ್ಕನ ಮನೆಯಲ್ಲಿದ್ದೆ. ಇಡೀ ರಾತ್ರಿ ಸುರಿದ ಮಳೆ ಆಗಷ್ಟೇ ನಿಂತಿತ್ತು. ಶೀಟಿನ ಮಾಡಿನ ಕೆಳಗೆ ಕಾರು ಮೈತುಂಬ ಬೆವರಿ ನಿಂತಿತ್ತು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ನನಗೂ ಅದೇ ಬೇಕಿತ್ತು.

ಕುಶಲಕ್ಕ ಕಾರಿನಲ್ಲಿ ಕೂತು ಚೋಕ್ ಎಳೆದು ಸೆಲ್ಫ್ ಹೊಡೆದರು. ನಾನು ಟಾರ್ಚು ಆರಿಸಿ, ಬಾನೆಟ್ಟಿನೊಳಗೆ ತಲೆ ಹಾಕಿ ನೋಡುತ್ತಾ ನಿಂತೆ. ಹಗಲಿನಲ್ಲಿ ಕಾಣದ್ದು ಮಬ್ಬಿನಲ್ಲಿ ಕಂಡಿತು. ಆ ಪ್ಲಾಸ್ಟಿಕ್ಕಿನ ಅಂಚಿನಿಂದ ಸಣ್ಣ ನೀಲಿ ಕಿಡಿಗಳು ಚಿಟಿಚಿಟಿ ಎಂದು ಹೊರಗೆ ಹಾರಿ ಎಂಜಿನ್ನಿನ ಕಬ್ಬಿಣಕ್ಕೆ ಇಳಿಯುತ್ತಿದ್ದವು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಅದು. ಒದ್ದೆ ಸಿಕ್ಕಿದರೆ ಕರೆಂಟಿಗೆ ಅದೇ ದಾರಿ, ಪ್ಲಗ್ಗಿನವರೆಗೆ ಹೋಗುವ ಶ್ರಮ ಯಾರಿಗೆ ಬೇಕು?

"ಅಕ್ಕ, ಸಾಕು ನಿಲ್ಲಿಸಿ" ಎಂದೆ. ಅವರು ಇಳಿದು ಬಂದರು. "ಇದರೊಳಗೇ ಉಂಟು ರೋಗ. ಇದನ್ನು ಬಿಚ್ಚದೆ ಆಗುವುದಿಲ್ಲ. ಇದು ಯಾವ ದೈವದ್ದು ಹೇಳಿ, ನಾನು ತಪ್ಪುಕಾಣಿಕೆ ಹಾಕಿಯೇ ಬಿಚ್ಚುತ್ತೇನೆ."

ಅವರು ನನ್ನ ಮುಖ ನೋಡಿದರು. "ದೈವದ್ದಾ? ದೈವದ್ದಲ್ಲ ಮಾರಾಯ. ಅವರದ್ದು."

"ಯಾರದ್ದು?"

"ಇವರದ್ದು. ಪ್ರಣೀತನ ಅಪ್ಪನದ್ದು."

ಸಿಟ್ಟು ನೆತ್ತಿಗೇರಿತು ನನಗೆ. ಮೂರು ಮಳೆಗಾಲ. "ಮತ್ತೆ ಮುಟ್ಟಬೇಡ ಅಂತ ಯಾಕೆ ಹೇಳಿದ್ದು ಅಕ್ಕ? ಒಂದು ಮಾತು ಹೇಳಲಿಕ್ಕೆ ಆಗುವುದಿಲ್ಲವಾ? ನಾನೊಬ್ಬ ಮರುಳ, ಬ್ಯಾಟರಿ ಬದಲಿಸಿದೆ, ಅದು ಬದಲಿಸಿದೆ, ಇದು ಬದಲಿಸಿದೆ."

ಕುಶಲಕ್ಕ ಬಂಪರಿನ ಮೇಲಿನ ನೀರನ್ನು ಬೆರಳಿನಿಂದ ಒರೆಸಿದರು. ಆಮೇಲೆ ಹೇಳಿದರು, ಅಷ್ಟು ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

"ರಜೆ ಮುಗಿದು ಹೋಗುವ ಹಿಂದಿನ ದಿನ ಅವರು ಇದನ್ನು ಕಟ್ಟಿ ಹೋಗುವುದು. ಕಾರು ಇನ್ನು ಎರಡು ವರ್ಷ ನಿಂತೇ ಇರ್ತದಲ್ಲ, ಥಂಡಿ ತಾಗಬಾರದು ಅಂತ. ಅವರದ್ದೇ ಹಳೇ ಲುಂಗಿಯ ತುಂಡು, ಮೇಲೆ ಪ್ಲಾಸ್ಟಿಕ್, ಮೇಲೆ ಬಲೆ ಹೆಣೆಯುವ ನೂಲು. ಗಂಟು ದೋಣಿಯವರದ್ದು, ನನಗೆ ಬರುವುದಿಲ್ಲ. ಪುನಃ ಬಂದಾಗ ಬ್ಯಾಗು ಅಂಗಳದಲ್ಲೇ ಇಟ್ಟು, ಮೊದಲು ಬಾನೆಟ್ ಎತ್ತಿ ಈ ಗಂಟು ಬಿಚ್ಚುವುದು. ನನ್ನ ಮುಖ ನೋಡುವುದು ಆಮೇಲೆ. ನಾನು ಅಡಿಗೆ ಕೋಣೆ ಒಳಗೆ ಇರ್ತೇನೆ. ಬಾನೆಟ್ ಹಾಕಿದ ಶಬ್ದ ಕೇಳಿದರೆ ಬೆಲ್ಲ ನೀರು ಹಿಡಿದುಕೊಂಡು ಹೊರಗೆ ಬರುವುದು. ಹೊಸತರಲ್ಲಿ ನನಗೆ ಅದಕ್ಕೆ ಕೋಪ ಬರ್ತಿತ್ತು. ಆಮೇಲೆ ಅಭ್ಯಾಸ ಆಯ್ತು. ಎರಡು ವರ್ಷ ಆ ಶಬ್ದಕ್ಕೇ ಕಾಯ್ತಿದ್ದೆ."

ಮತ್ತೆ ಹೇಳಿದರು: "ಪೆಟ್ಟಿಗೆ ಬಂದ ದಿನ ಆಂಬುಲೆನ್ಸ್ ಇಲ್ಲಿಯೇ, ಈ ಕಾರಿನ ಪಕ್ಕವೇ ನಿಂತದ್ದು. ಎಷ್ಟು ಜನ ಇದ್ದರು. ಬಾನೆಟ್ ಎತ್ತಿದವರು ಯಾರೂ ಇಲ್ಲ. ಅವರೇ ಬಂದು ಬಿಚ್ಚಬೇಕಿತ್ತು ಅದನ್ನು."

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾಚಿಕೆಯಾಯಿತು. ಆದರೂ ಮೆಕ್ಯಾನಿಕ್ಕಿನ ಬುದ್ಧಿ ಒಳಗೆ ಲೆಕ್ಕ ಹಾಕುತ್ತಲೇ ಇತ್ತು. ಮುದ್ದಣ್ಣ ಕಟ್ಟಿದ್ದು ನಿಂತಿರುವ ಕಾರಿಗೆ. ಕುಶಲಕ್ಕ ಅದನ್ನು ಹಾಗೆಯೇ ಇಟ್ಟು ಕಾರು ಓಡಿಸಿದರು. ಓಡಿದಾಗ ಎಂಜಿನ್ ಬಿಸಿಯಾಗಿ, ನಿಂತಾಗ ತಣ್ಣಗಾಗಿ, ಒಳಗೆ ಹಬೆ ಕಟ್ಟಿ ನೀರಾಗಿ, ಆ ಲುಂಗಿಯ ತುಂಡು ಎಲ್ಲವನ್ನೂ ಕುಡಿದು ಕೂತಿತ್ತು. ಥಂಡಿ ತಾಗಬಾರದೆಂದು ಹೊದೆಸಿದ್ದೇ ಥಂಡಿಯ ಮನೆಯಾಗಿತ್ತು. ನಾನು ಇದನ್ನು ಆದಷ್ಟು ಮೆತ್ತಗೆ ಹೇಳಿದೆ.

"ಬಿಚ್ಚದಿದ್ದರೆ?" ಎಂದರು.

"ಇವತ್ತು ಸ್ಟಾರ್ಟಾಗುವುದಿಲ್ಲ. ಪ್ರಣೀತಾ ಹೇಳಿದ್ದು ನಿಮಗೆ ಗೊತ್ತುಂಟಲ್ಲ."

ಗಡಿಯಾರ ನೋಡಿದೆ. ಆರೂ ಕಾಲು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೊಳೆಯಿತು. "ಗಂಟನ್ನು ಹಾಗೆಯೇ ಬಿಟ್ಟು ನೂಲನ್ನು ಇನ್ನೊಂದು ಬದಿಯಲ್ಲಿ ಕತ್ತರಿಸುತ್ತೇನೆ ಅಕ್ಕ. ಗಂಟು ನಿಮ್ಮ ಹತ್ತಿರ ಉಳಿಯುತ್ತದೆ."

ಅವರು ಗಂಟಿನ ಮೇಲೆ ಬೆರಳಾಡಿಸಿದರು. ನಾನು ಕತ್ತರಿ ಹಿಡಿದೇ ನಿಂತಿದ್ದೆ.

"ಕತ್ತರಿಸುವುದು ಬೇಡ" ಎಂದರು ಕೊನೆಗೆ. "ಅವರು ಕಟ್ಟಿದ್ದು ಬಿಚ್ಚಲಿಕ್ಕೆ ಅಂತ. ಇಷ್ಟು ವರ್ಷದಲ್ಲಿ ಒಂದು ಸಲವೂ ಕತ್ತರಿಸಲಿಲ್ಲ, ಅದೇ ನೂಲು ಪುನಃ ಪುನಃ. ನಾನು ಬಿಚ್ಚುತ್ತೇನೆ. ಹೇಗೆ ಹಾಕಿದ್ದು ಅಂತ ನೋಡಿಕೊಂಡೇ ಬಿಚ್ಚುತ್ತೇನೆ. ಆಮೇಲೆ ನಾನೇ ಹಾಕಬಹುದಲ್ವಾ?"

ಕನ್ನಡಕ ತಂದರು. ನಾನು ಟಾರ್ಚು ಹಿಡಿದೆ. ಮೂವತ್ತು ವರ್ಷ ಬೀಡಿಗೆ ನೂಲು ಸುತ್ತಿದ ಬೆರಳುಗಳು, ಆದರೆ ಆರು ವರ್ಷ ಗ್ರೀಸು ಕುಡಿದ ಗಂಟು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಉಗುರಿನಿಂದ ಕೆರೆದು, ಒಂದು ಎಳೆ ಸಡಿಲಿಸಿ, ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿ, ಬಾಯಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು: "ಇದು ಅಡಿಯಿಂದ ಬಂದದ್ದು. ಇದು ಮೇಲೆ ಹೋಗಿ ಒಳಗೆ ಹೋದದ್ದು." ಪಾಠ ಬಾಯಿಪಾಠ ಮಾಡುವ ಶಾಲೆಮಕ್ಕಳಂತೆ. ಹೊರಗೆ ಮತ್ತೆ ಮಳೆ ಹಿಡಿಯಿತು. ನಾನು ಮನಸ್ಸಿನಲ್ಲಿ ಶಿರ್ವ, ಕಟಪಾಡಿ, ಉಡುಪಿ ಎಂದು ದಾರಿ ಎಣಿಸುತ್ತಿದ್ದೆ. ಮೂವತ್ತೈದರ ವೇಗದಲ್ಲಿ ಮಣಿಪಾಲದ ಗುಡ್ಡ ಹತ್ತಲು ಎಷ್ಟು ಹೊತ್ತು ಬೇಕು ಎಂದು ಇನ್ನೊಮ್ಮೆ ಗಡಿಯಾರ ನೋಡಿದೆ.

ಅಷ್ಟರಲ್ಲಿ ಕೊನೆಯ ಎರಡು ಸುತ್ತು ಒಮ್ಮೆಲೇ ಸರಕ್ಕನೆ ಬಿಟ್ಟುಹೋಯಿತು.

ಕುಶಲಕ್ಕನ ಕೈಯಲ್ಲಿ ಉದ್ದದ ನೂಲು ಮಾತ್ರ ಉಳಿದಿತ್ತು. ಅಲ್ಲಲ್ಲಿ ಸುಕ್ಕು, ಗಂಟಿನ ಗುರುತೂ ಇಲ್ಲ.

"ನೀನು ನೋಡಿದೆಯಾ ರೂಪೇಶ, ಹೇಗೆ ಹೋದದ್ದು ಅಂತ?"

ನಾನು ನೋಡಿರಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ನನ್ನಿಂದ ಎಷ್ಟೋ ತಪ್ಪುಗಳಾಗಿವೆ, ಬೋಲ್ಟು ಮುರಿದಿದೆ, ತಲೆ ತಗ್ಗಿಸಿ ಕ್ಷಮೆ ಕೇಳಿದ್ದೂ ಇದೆ. ಆದರೆ ಆ ಪ್ರಶ್ನೆಗೆ "ಇಲ್ಲ ಅಕ್ಕ" ಎಂದು ಹೇಳುವಾಗ ಆದ ಸಂಕಟ ಬೇರೆ ಯಾವುದಕ್ಕೂ ಆಗಿಲ್ಲ.

"ಹೋಗಲಿ" ಎಂದರು ಅವರು. ನೂಲನ್ನು ಬೆರಳಿಗೆ ಸುತ್ತಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು.

ಪ್ಲಾಸ್ಟಿಕ್ ತೆಗೆದೆ. ಒಳಗಿನ ಬಟ್ಟೆ ಆಗ ತಾನೆ ಒಗೆದಷ್ಟು ಒದ್ದೆ. ನೀಲಿ ಚೌಕುಳಿಯ ಲುಂಗಿ, ಒಂದು ಮೂಲೆಯಲ್ಲಿ ಬಣ್ಣ ಇನ್ನೂ ಉಳಿದಿತ್ತು. ಕುಶಲಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂಡಿದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ಕಳಚಿ ನೋಡಿದರೆ ಒಳಗೆ ನೀರಿನ ಹನಿಗಳು. ಒರೆಸಿ, ಬಚ್ಚಲಿಗೆ ಒಯ್ದು, ಬಿಸಿನೀರಿನ ಹಂಡೆಗೆ ಮುಚ್ಚಿದ ತಟ್ಟೆಯ ಮೇಲೆ ಹತ್ತು ನಿಮಿಷ ಇಟ್ಟೆ. ಪಕ್ಕದಲ್ಲಿ ಅವರು ಲುಂಗಿಯ ತುಂಡನ್ನೂ ಹರಡಿದರು. ಎರಡೂ ಒಟ್ಟಿಗೆ ಒಣಗಿದವು.

ಮುಚ್ಚಳ ವಾಪಸು ಕೂರಿಸಿ, ವಯರುಗಳನ್ನು ಒಣ ಬಟ್ಟೆಯಿಂದ ತಿಕ್ಕಿ, "ಹೊಡೆಯಿರಿ ಅಕ್ಕ" ಎಂದೆ. ಒಂದೇ ಸಲಕ್ಕೆ ಹತ್ತಿಕೊಂಡಿತು. ಅಂಗಳದಲ್ಲಿ ಮಳೆ ಸುರಿಯುತ್ತಿತ್ತು, ಕಾರು ಹೊಸ ಹೊಲಿಗೆ ಮಿಷಿನ್ನಿನ ಹಾಗೆ ಓಡುತ್ತಿತ್ತು. ಗೆದ್ದೆ ಎಂದು ಕುಣಿಯಬೇಕಿತ್ತು ನಾನು. ಕುಶಲಕ್ಕ ಸ್ಟಿಯರಿಂಗ್ ಹಿಡಿದು ಎದುರು ನೋಡುತ್ತಾ ಕೂತಿದ್ದರು. ನಾನು ಸ್ಪಾನರುಗಳನ್ನು ಚೀಲಕ್ಕೆ ತುಂಬಿದೆ.

ಮಣಿಪಾಲದ ಗುಡ್ಡ ಅವರೇ ಹತ್ತಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಗಾಜು ಮಂಜು ಕಟ್ಟಿತು. ನಾನು ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಅವರು ಒಂದು ಕೈಯಲ್ಲಿ ಸೆರಗು ತೆಗೆದು ಒರೆಸಿಯಾಗಿತ್ತು. ಕಚೇರಿಯಲ್ಲಿ ಇನ್ಸ್‌ಪೆಕ್ಟರು ಎಂಜಿನ್ ನಿಲ್ಲಿಸಿ ಪುನಃ ಸ್ಟಾರ್ಟ್ ಮಾಡಿಸಿದರು, ಲೈಟು ನೋಡಿದರು, ಬ್ರೇಕು ನೋಡಿದರು, ಬರೆದುಕೊಂಡರು. ಪಾಸಾಯಿತು. ಕೊಡೆ ಹಿಡಿದು ಬಂದಿದ್ದ ಪ್ರಣೀತಾ ಕಾರಿನ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಇಳಿದು ಕೆಲಸಕ್ಕೆ ಹೋದಳು.

ಬೆಳ್ಮಣ್ಣಿಗೆ ಬರುವಾಗ ಮಧ್ಯಾಹ್ನ. ದಾರಿಯುದ್ದಕ್ಕೂ ಕುಶಲಕ್ಕ ಮಾತಾಡಿದ್ದು ಒಂದೇ: "ಒಮ್ಮೆ ಕಾಪುವಿಗೆ ಹೋಗಬೇಕು. ಅಲ್ಲಿ ಬಲೆಯವರಿಗೆ ಆ ಗಂಟು ಗೊತ್ತಿರಬಹುದು."

"ಗೊತ್ತಿರುತ್ತದೆ" ಎಂದೆ. ಇರಬಹುದು, ಇಲ್ಲದೆಯೂ ಇರಬಹುದು.

ಮನೆ ಮುಟ್ಟಿದ ಮೇಲೆ ಅವರು ಅನ್ನಕ್ಕಿಡಬೇಕೆಂದು ಒಳಗೆ ಹೋದರು. ಬಿಸಿಯಾಗಿ ಬಂದ ಎಂಜಿನ್ನಿನಲ್ಲಿ ಎಲ್ಲಾದರೂ ಹಬೆ ಕಟ್ಟಿದೆಯೋ ಎಂದು ನೋಡಲು ನಾನು ಬಾನೆಟ್ ಎತ್ತಿದೆ. ಎಲ್ಲ ಒಣಗಿತ್ತು. ಸಮಾಧಾನವಾಯಿತು. ಹಳೇ ಕಾರಿನ ಬಾನೆಟ್ಟು ಮೆತ್ತಗೆ ಹಾಕಿದರೆ ಕೂರುವುದಿಲ್ಲ, ಮೇಲಿನಿಂದ ಬಿಡಬೇಕು. ಬಿಟ್ಟೆ. ಶೀಟಿನ ಮಾಡಿನ ಕೆಳಗೆ ದೊಡ್ಡ ಶಬ್ದವಾಯಿತು.

ಒಳಗೆ ಪಾತ್ರೆಯೊಂದು ಬಿದ್ದದ್ದು ಕೇಳಿಸಿತು. ಆಮೇಲೆ ಅವಸರದ ಹೆಜ್ಜೆಗಳು. ಮೂವತ್ತೈದರ ಮೇಲೆ ವೇಗವಿಲ್ಲದ ಕುಶಲಕ್ಕ ಜಗಲಿಗೆ ಓಡಿಯೇ ಬಂದರು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ಮೆಟ್ಟಿಲಿನ ಮೇಲೆ ನನ್ನನ್ನು ಕಂಡು ನಿಂತರು. ಅವರ ಮುಖದಲ್ಲಿ ಇದ್ದದ್ದು ನನ್ನ ಕಣ್ಣೆದುರೇ ಆರಿಹೋಯಿತು.

ಮಾಡಿನ ನೀರು ಅಂಗಳಕ್ಕೆ ಬೀಳುತ್ತಿತ್ತು.

"ತಂದದ್ದಾಯ್ತು" ಎಂದರು ಕೊನೆಗೆ. "ನೀನಾದರೂ ಕುಡಿ."

ಕೈಯ ಗ್ರೀಸು ಪ್ಯಾಂಟಿಗೆ ಒರೆಸಿಕೊಂಡು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡೆ. ಚೊಂಬಿನ ನೀರು ಅಷ್ಟನ್ನೂ ಕುಡಿದೆ. ಅವರು ಖಾಲಿ ಚೊಂಬು ತೆಗೆದುಕೊಂಡು ಒಳಗೆ ಹೋದರು.